ಸ್ಪ್ರಿಂಗ್ ಫೋರ್ಕಿನ ಸೈಕಲ್ಲನ್ನು ವ್ಯಾನಿನಲ್ಲಿ ಒಯ್ಯುವ ಕ್ರಮ

ಸೈಕಲ್ಲು ಮನುಷ್ಯನನ್ನು ಹೊರುವ ವಾಹನ. ಆದರೆ ಸೈಕಲ್ಲನ್ನೇ ಬೇರೊಂದು ವಾಹನದಲ್ಲಿ ಹೊತ್ತೊಯ್ಯಬೇಕಾದ ಪ್ರಸಂಗಗಳೂ ಉಂಟು. ಹೊಸೂರಿನಲ್ಲಿ ಕೊಂಡ ಸೈಕಲ್ಲನ್ನು ಬಾಗಲೂರಿನ ಮೇಲೆ ಬೇರಿಕೆಗೆ ತರುವಾಗ, ರಜೆಯಲ್ಲಿ ನೆಂಟರ ಊರಿಗೆ ಒಯ್ಯುವಾಗ, ಇಲ್ಲವೆ ಬೆಂಗಳೂರಿನ ಸವಾರರಂತೆ 1,478 ಮೀಟರ್ ಎತ್ತರದ ನಂದಿಬೆಟ್ಟದ ಬುಡದವರೆಗೆ ವ್ಯಾನಿನಲ್ಲಿ ಹೋಗಿ ಅಲ್ಲಿಂದ ಹತ್ತಲು ಬಯಸುವಾಗ ಇದು ಒದಗುತ್ತದೆ. ಸೈಕಲ್ಲನ್ನು ಹೇಗೋ ಏರಿಸಿ ಹಗ್ಗ ಬಿಗಿದರೆ ಸಾಕೆಂದು ಹಲವರು ತಿಳಿದಿರುತ್ತಾರೆ. ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗ್ ಇರುವ ಸೈಕಲ್ಲಿನ ವಿಷಯದಲ್ಲಿ ಈ ತಿಳಿವಳಿಕೆ ಸರಿಯಲ್ಲ.

ತಮಿಳುನಾಡು ಸರ್ಕಾರವು ಹನ್ನೊಂದನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತವಾಗಿ ನೀಡುವ ಸೈಕಲ್ಲುಗಳ ಫೋರ್ಕು ಸಾಮಾನ್ಯವಾಗಿ ಗಟ್ಟಿಯಾದುದು. ಅದು ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಈಗ ಮಕ್ಕಳು ಬಹಳವಾಗಿ ಬಯಸುವ ಮೌಂಟನ್ ಬೈಕಿನ ರೀತಿ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ಕೆಲವು ತರುಣರು ಹಳೆಯ ಸೈಕಲ್ಲುಗಳ ಮೇಲೆ ಗುಡ್ಡಗಳ ಮಣ್ಣುದಾರಿಗಳಲ್ಲಿ ಇಳಿಯತೊಡಗಿದುದರಿಂದ ಈ ಜಾತಿಯ ಸೈಕಲ್ಲು ಹುಟ್ಟಿತು. ಮೋಟಾರ್ ಸೈಕಲ್ಲಿನಲ್ಲಿ ಮೊದಲೇ ಬಳಕೆಯಲ್ಲಿದ್ದ ಸ್ಪ್ರಿಂಗ್ ಫೋರ್ಕು 1990ರ ಸುಮಾರಿಗೆ ಇದಕ್ಕೂ ಬಂದಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಮೌಂಟನ್ ಬೈಕಿನ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು.

ಈ ಫೋರ್ಕಿನ ರಚನೆ ಸರಳ. ಹೊಳೆಯುವ ಎರಡು ತೆಳು ಕೊಳವೆಗಳು ಕೆಳಗಿನ ಎರಡು ದಪ್ಪ ಕೊಳವೆಗಳೊಳಗೆ ಜಾರುತ್ತವೆ. ಒಳಗೆ ಉಕ್ಕಿನ ಸ್ಪ್ರಿಂಗ್, ಬೆಲೆಯುಳ್ಳವುಗಳಲ್ಲಿ ಒತ್ತಿದ ಗಾಳಿ ಮತ್ತು ಎಣ್ಣೆ ಇರುತ್ತವೆ. ಚಕ್ರವು ಕಲ್ಲನ್ನು ಹಾಯುವಾಗ ಫೋರ್ಕು ಸುಮಾರು 100 ಮಿಲಿಮೀಟರಿನವರೆಗೆ ಕುಗ್ಗಿ, ಪೆಟ್ಟು ಸವಾರನ ಕೈಗೆ ತಾಗದಂತೆ ತಡೆಯುತ್ತದೆ. ಎರಡು ಕೊಳವೆಗಳು ಸೇರುವೆಡೆ ರಬ್ಬರಿನ ಸೀಲು ಇದ್ದು ಧೂಳು ಒಳಹೋಗದಂತೆ ಕಾಯುತ್ತದೆ.

ಸವಾರಿಯಲ್ಲಿ ಉಪಕಾರಿಯಾದ ಈ ಗುಣವೇ ಸಾಗಾಣಿಕೆಯಲ್ಲಿ ತೊಡಕಾಗುತ್ತದೆ. ಹ್ಯಾಂಡಲ್ಲಿಗೆ ಹಗ್ಗ ಹಾಕಿ ಕೆಳಕ್ಕೆ ಬಿಗಿದೆವೆನ್ನಿ. ಆಗ ಗಟ್ಟಿಯಾಗಿಯೇ ಕಾಣುತ್ತದೆ. ವ್ಯಾನು ಹಳ್ಳದಲ್ಲಿ ಇಳಿದೊಡನೆ ಫೋರ್ಕು ಇನ್ನಷ್ಟು ಕುಗ್ಗುತ್ತದೆ, ಹ್ಯಾಂಡಲ್ಲು ತಗ್ಗುತ್ತದೆ, ಹಗ್ಗ ಸಡಿಲವಾಗುತ್ತದೆ. ಹೀಗೆ ಹತ್ತಾರು ಬಾರಿ ಆಗುವಷ್ಟರಲ್ಲಿ ಕೊಕ್ಕೆ ಕಳಚಿ ಸೈಕಲ್ಲು ಉರುಳುತ್ತದೆ. ಆದುದರಿಂದ ಮುಖ್ಯ ನಿಯಮ ಇದು: ಕೆಳಕ್ಕೆ ಬಿಗಿಯುವ ಹಗ್ಗವನ್ನು ಸ್ಪ್ರಿಂಗಿನ ಮೇಲಿನ ಭಾಗಕ್ಕೆ ಕಟ್ಟಬಾರದು, ಸ್ಪ್ರಿಂಗಿನ ಕೆಳಗಿನ ಭಾಗಕ್ಕೆ, ಎಂದರೆ ಮುಂದಿನ ಚಕ್ರಕ್ಕೆ ಇಲ್ಲವೆ ಕೆಳಗಿನ ದಪ್ಪ ಕೊಳವೆಗೆ ಕಟ್ಟಬೇಕು. ಹಿಂಬದಿಯಲ್ಲಿ ಚಕ್ರದ ಬಳಿಯ ಫ್ರೇಮಿಗೆ ಕಟ್ಟಬೇಕು. ಸೀಟು ಮತ್ತು ಹ್ಯಾಂಡಲ್ಲುಗಳಿಗೆ ಹಾಕುವ ಹಗ್ಗ ಪಕ್ಕಕ್ಕೆ ವಾಲದಂತೆ ತಡೆಯಲು ಮಾತ್ರ. ಹಳೆಯ ಟ್ಯೂಬಿನ ಪಟ್ಟಿ ಈ ಕೆಲಸಕ್ಕೆ ಒಳ್ಳೆಯದು. ಆದರೆ ಅದು ಹಿಗ್ಗುವುದರಿಂದ ಅದೊಂದನ್ನೇ ನಂಬಲಾಗದು.

ಹೊಳೆಯುವ ಕೊಳವೆಗಳಿಗೆ ಹಗ್ಗ ಸುತ್ತುವುದು ಸರ್ವಥಾ ಕೂಡದು. ಮಣ್ಣು ಹತ್ತಿದ ಹಗ್ಗ ಉಜ್ಜಿ ಗೀರು ಬಿದ್ದರೆ, ಕೊಳವೆ ಜಾರುವಾಗಲೆಲ್ಲ ಆ ಗೀರು ಸೀಲನ್ನು ಕೊರೆಯುತ್ತದೆ; ಎಣ್ಣೆ ಸೋರುತ್ತದೆ, ಧೂಳು ಒಳಸೇರುತ್ತದೆ. ಎರಡು ಸೈಕಲ್ಲುಗಳಿದ್ದರೆ ಒಂದರ ಪೆಡಲ್ಲು ಮತ್ತೊಂದರ ಫೋರ್ಕಿಗೆ ತಾಗದಂತೆ ನಡುವೆ ಹಳೆಯ ಕಂಬಳಿಯನ್ನೋ ಗೋಣಿಚೀಲವನ್ನೋ ಇಡಬೇಕು. ಮಲಗಿಸುವುದು ಅನಿವಾರ್ಯವಾದರೆ ಗೇರು ಮತ್ತು ಚೈನು ಇರುವ ಬಲಮಗ್ಗುಲು ಮೇಲಿರಲಿ.

ಸ್ಥಳ ಸಾಲದೆ ಮುಂದಿನ ಚಕ್ರವನ್ನು ಬಿಚ್ಚಿದರೆ ಫೋರ್ಕಿನ ಎರಡು ತುದಿಗಳಿಗೂ ಆಧಾರ ತಪ್ಪುತ್ತದೆ. ಬೇರೆ ಸಾಮಾನು ಒತ್ತಿದರೆ ಅವು ಬಾಗಬಹುದು. ಅಚ್ಚು ಕೂರುವ ಈ ಎಡೆ ಅನೇಕ ಸೈಕಲ್ಲುಗಳಲ್ಲಿ 100 ಮಿಲಿಮೀಟರ್ ಇರುತ್ತದೆ. ಅಳೆದು ಅಷ್ಟೇ ಉದ್ದದ ಮರದ ತುಂಡನ್ನು ನಡುವೆ ನಿಲ್ಲಿಸಿ ಕಟ್ಟಬೇಕು. ಡಿಸ್ಕ್ ಬ್ರೇಕು ಇದ್ದಲ್ಲಿ ಡಿಸ್ಕು ಕೂರುವ ಸಂದಿನಲ್ಲಿ ಮಡಿಸಿದ ರಟ್ಟನ್ನು ಇಡಬೇಕು. ಇಲ್ಲವಾದರೆ, ಎಣ್ಣೆಯಿಂದ ನಡೆಯುವ ಬ್ರೇಕಿನ ಲಿವರನ್ನು ಯಾರಾದರೂ ಅರಿಯದೆ ಹಿಡಿದಾಗ ಒಳಗಿನ ಎರಡು ಪ್ಯಾಡುಗಳೂ ಒಂದನ್ನೊಂದು ಕೂಡುತ್ತವೆ. ಮತ್ತೆ ಡಿಸ್ಕು ಒಳಹೋಗುವುದಿಲ್ಲ. ಬಿಚ್ಚಿದ ಚಕ್ರವನ್ನು ಡಿಸ್ಕಿನ ಮೇಲೆ ಭಾರ ಬೀಳದಂತೆ ಇರಿಸಬೇಕು.

ಇಷ್ಟೊಂದು ಜಾಗರೂಕತೆ ಏತಕ್ಕೆ ಎಂದು ಕೇಳುವವರು ಒಂದು ಲೆಕ್ಕವನ್ನು ನೋಡಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ವ್ಯಾನು ಏನನ್ನಾದರೂ ಬಡಿದು ಥಟ್ಟನೆ ನಿಂತರೆ, ಕಟ್ಟದ ಸೈಕಲ್ಲು ನಿಲ್ಲುವುದಿಲ್ಲ. ಅದೇ ವೇಗದಿಂದ ಮುಂದಕ್ಕೆ ನುಗ್ಗುತ್ತದೆ. ಸುಮಾರು 6 ಮೀಟರ್ ಎತ್ತರದಿಂದ ಬಿದ್ದ ವಸ್ತುವಿಗೆ ಇರುವ ವೇಗ ಅದು. 15 ಕಿಲೋಗ್ರಾಂ ತೂಕದ ಸೈಕಲ್ಲು ಎರಡು ಅಂತಸ್ತಿನ ಮನೆಯ ಮೇಲಿನಿಂದ ಬಿದ್ದಂತೆ ಮುಂದೆ ಕುಳಿತವರ ಬೆನ್ನಿಗೆ ಬಡಿಯುವುದು. ಆದಕಾರಣ ಮಕ್ಕಳು ಸೈಕಲ್ಲಿನ ಮುಂದೆಯಾಗಲಿ ಪಕ್ಕದಲ್ಲಾಗಲಿ ಅದನ್ನು ಕೈಯಲ್ಲಿ ಹಿಡಿದು ಕೂರಬಾರದು. ಸೈಕಲ್ಲು ಸರಕಿನ ಗಾಡಿಯಲ್ಲಿ ಹೋಗುವುದಾದರೆ ಮಕ್ಕಳು ಬಸ್ಸಿನಲ್ಲಿ ಹೋಗಲಿ. ಸರಕಿನ ಜೊತೆಗೆ ಜನರನ್ನು ತುಂಬುವುದು ಕಾನೂನಿಗೂ ವಿರುದ್ಧ.

ಊರು ತಲುಪಿದೊಡನೆ ಹತ್ತಿ ಹೊರಡುವ ಆತುರ ಮಕ್ಕಳಿಗೆ ಸಹಜ. ಅದಕ್ಕೆ ಮೊದಲು ನಾಲ್ಕು ಪರೀಕ್ಷೆಗಳು ನಡೆಯಬೇಕು. ಚಕ್ರವು ಫೋರ್ಕಿನ ಎರಡು ತುದಿಗಳಲ್ಲೂ ಪೂರ್ತಿ ಕುಳಿತಿದೆಯೆ? ಕೈಯಿಂದ ಬಿಚ್ಚುವ ಲಿವರು ಇದ್ದರೆ, ಅದನ್ನು ಮುಚ್ಚುವಾಗ ಅಂಗೈಯಲ್ಲಿ ಅಚ್ಚು ಮೂಡುವಷ್ಟು ಬಿಗಿ ಬರಬೇಕು. ಎರಡನೆಯದಾಗಿ, ಮುಂದಿನ ಚಕ್ರವನ್ನೆತ್ತಿ ತಿರುಗಿಸಿ ಅದು ಎಲ್ಲಿಯೂ ಉಜ್ಜುವುದಿಲ್ಲವೆಂದು ನೋಡಬೇಕು. ಮೂರನೆಯದಾಗಿ, ಎರಡು ಬ್ರೇಕುಗಳನ್ನೂ ಹಲವು ಬಾರಿ ಹಿಡಿದು ನೋಡಬೇಕು. ತಲೆಕೆಳಗಾಗಿ ಬಂದ ಸೈಕಲ್ಲಿನ ಎಣ್ಣೆಯ ಬ್ರೇಕು ಮೊದಲು ಮೆತ್ತಗಿರಬಹುದು. ಕೊನೆಗೆ, ಮುಂದಿನ ಬ್ರೇಕು ಹಿಡಿದು ಹ್ಯಾಂಡಲ್ಲನ್ನು ಮೂರು ಸಲ ಒತ್ತಿದರೆ ಫೋರ್ಕು ಸದ್ದಿಲ್ಲದೆ ಕುಗ್ಗಿ ಮೇಲೇಳಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಸವಾರಿ ಕೂಡದು, ಅಂಗಡಿಯವರಿಗೆ ತೋರಿಸಬೇಕು.

ಈ ಕೆಲಸಕ್ಕೆಲ್ಲ ಬೇಕಾದುದು ಎರಡು ಹಗ್ಗ, ಒಂದು ಮರದ ತುಂಡು, ಒಂದು ರಟ್ಟು, ಒಂದು ಕಂಬಳಿ ಮತ್ತು ಕಾಲು ಗಂಟೆಯ ಸಹನೆ. ತಂದೆತಾಯಿಗಳು ಈ ಕೆಲಸವನ್ನು ತಾವೇ ಮುಗಿಸಿಬಿಡದೆ ಮಕ್ಕಳ ಕೈಯಿಂದಲೇ ಮಾಡಿಸಿ, ಪ್ರತಿಯೊಂದು ಗಂಟನ್ನೂ ಪರೀಕ್ಷಿಸಿದರೆ, ಸೈಕಲ್ಲೂ ಉಳಿಯುವುದು, ಅದರ ಮೇಲೆ ಇಳಿಜಾರಿನಲ್ಲಿ ಹೋಗುವ ಮಗುವೂ ಕ್ಷೇಮವಾಗಿರುವುದು.