ಅಂಟಿನುಂಡಿ ಕಟ್ಟುವ ಮೊದಲು

ಬಾದಾಮಿ, ಹುನಗುಂದ ಸೀಮೆಯಲ್ಲಿ ಬಾಣಂತನಕ್ಕೆ ತಯಾರಿ ತಿಂಗಳುಗಟ್ಟಲೆ ಮೊದಲೇ ಶುರುವಾಗುತ್ತದೆ. ಗುಳೇದಗುಡ್ಡದ ಖಣದಲ್ಲಿ ಕುಬಸ ಮುಗಿದ ಮೇಲೆ ತವರಿನವರು ಅಂಟು, ಉತ್ತತ್ತಿ, ಒಣಕೊಬ್ಬರಿ, ಅಳವಿ ಕೂಡಿಹಾಕತೊಡಗುತ್ತಾರೆ. ಅಮೀನಗಡದ ಕರದಂಟನ್ನು ಊರಿಗೆಲ್ಲ ಹಂಚಿದ ನಾಡಿದು. ಬಾಣಂತಿಯ ಉಂಡಿಯಲ್ಲಿ ಕೈಬಿಗಿ ಮಾಡುವುದಿಲ್ಲ. ಹೆರಿಗೆಯಾದ ಐದನೇ ದಿನ ಸೆಟಿಗೆವ್ವನಿಗೆ ಪೂಜೆ. ಬನಶಂಕರಿ ಜಾತ್ರೆಗೆ ಹೋದರೆ ಹರಿದ್ರಾ ತೀರ್ಥದಲ್ಲಿ ಬಾಳೆದಿಂಡಿನ ತೆಪ್ಪದ ಮೇಲೆ ಎಳೆಗೂಸನ್ನು ತೇಲಿಸುವ ಹರಕೆಯೂ ಉಂಟು.

ಆದರೆ ಬಾಣಂತಿಗೆ ನಿಜವಾದ ಗಂಡಾಂತರ ಇರುವುದು ಉಂಡಿಯ ಡಬ್ಬಿ ತೆರೆಯುವುದಕ್ಕೂ ಮೊದಲು, ಹೆರಿಗೆಯ ಮೊದಲ 24 ಗಂಟೆಗಳಲ್ಲಿ. ಅದರಲ್ಲೂ ಮೊದಲ ಎರಡು ತಾಸು.

ಆ ಎರಡು ತಾಸು ವಾರ್ಡಿನ ನರ್ಸ್ ಮತ್ತೆ ಮತ್ತೆ ಬಂದು ಬಾಣಂತಿಯ ಹೊಟ್ಟೆ ಒತ್ತಿ ನೋಡುತ್ತಾರೆ. ಪಕ್ಕದಲ್ಲಿ ಕುಳಿತ ತಾಯಿಗೋ ಅತ್ತೆಗೋ ಇದು ಸುಮ್ಮನೆ ಕೊಡುವ ಕಾಟದಂತೆ ಕಾಣಬಹುದು. ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗಿ ಮುದುಡಬೇಕು. ಹಾಗೆ ಮುದುಡಿದಾಗಲೇ ಬಾಯಿ ತೆರೆದ ರಕ್ತನಾಳಗಳು ಮುಚ್ಚುವುದು. ಕೈಗೆ ಗಟ್ಟಿಯಾಗಿ ಸಿಕ್ಕರೆ ಚಿಂತೆಯಿಲ್ಲ. ಮೆತ್ತಗಿದ್ದರೆ ರಕ್ತ ಹರಿಯುತ್ತಲೇ ಇದೆ ಎಂದರ್ಥ. ಅರ್ಧ ಲೀಟರ್ ದಾಟಿದರೆ ಅದು ಅತಿ ರಕ್ತಸ್ರಾವ. ಮೊದಲೇ ರಕ್ತ ಕಡಿಮೆಯಿರುವ ಹೆಣ್ಣುಮಗಳಿಗೆ ಅಷ್ಟೂ ಬೇಕಿಲ್ಲ.

ಈ ರಕ್ತವನ್ನು ಅಳೆಯುವ ವಿಷಯದಲ್ಲಿ ನೆರೆಯ ಬೆಳಗಾವಿ ಜಗತ್ತಿಗೇ ಪಾಠ ಹೇಳಿದೆ. ಎಷ್ಟು ರಕ್ತ ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳುವುದೇ ಎಲ್ಲ ಕಡೆಯ ರೂಢಿಯಾಗಿತ್ತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ, ಬಾಣಂತಿಯ ಕೆಳಗೆ ಹಾಸುವ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲವೊಂದನ್ನು ಬಳಕೆಗೆ ತಂದರು. ಚೀಲದ ಅಳತೆಗೆ ಹೋಲಿಸಿದರೆ ಕಣ್ಣಂದಾಜು ಸುಮಾರು ಮೂರನೇ ಒಂದು ಪಾಲು ಕಡಿಮೆ ಬಂತು! ಅದೇ ತಂಡ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರನ್ನು ಒಳಗೊಂಡ ಪ್ರಯೋಗವನ್ನೂ ಮಾಡಿತು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟಾಗ ಅತಿ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು. ಆ ಮಾತ್ರೆ ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಹಳ್ಳಿಯ ಎಎನ್‌ಎಂ ಸಿಸ್ಟರುಗಳು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳಲ್ಲಿ ಅಂಥದೇ ಅಳತೆಯ ಚೀಲದ ಜೊತೆಗೆ ಕೂಡಲೇ ಕೊಡುವ ಚಿಕಿತ್ಸೆಯನ್ನೂ ಸೇರಿಸಿ ನೋಡಿದಾಗ, ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತ ಶೇ. 60ರಷ್ಟು ತಗ್ಗಿತು.

ಕೂಸಿನ ಲೆಕ್ಕವೂ ಮೊದಲ ತಾಸಿನಿಂದಲೇ. ಒರೆಸಿ, ತಾಯಿಯ ಎದೆಯ ಮೇಲೆ ಮಲಗಿಸಿ, ಆ ತಾಸಿನೊಳಗೆ ಮೊಲೆ ಹಿಡಿಸಬೇಕು. ಹಳದಿಯ ಗಟ್ಟಿ ಹಾಲನ್ನು ಹಿಂಡಿ ಚೆಲ್ಲುವುದು, ಬದಲಿಗೆ ಜೇನುತುಪ್ಪ ನೆಕ್ಕಿಸುವುದು ಇನ್ನೂ ಅಲ್ಲಲ್ಲಿ ನಡೆದಿದೆ. ಆ ಮೊದಲ ಹಾಲಿನಲ್ಲಿರುವ ರೋಗನಿರೋಧಕ ಅಂಶ ಯಾವ ಅಂಗಡಿಯಲ್ಲೂ ಸಿಗದು. ಎರೆಯುವ ಅಜ್ಜಿ ಬಿಸಿನೀರು ಕಾಸಿಟ್ಟು ಕಾದಿದ್ದರೂ ಮೊದಲ 24 ತಾಸು ಸ್ನಾನ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಏಕೆಂದರೆ ಎಳೆಮೈ ಬೇಗ ತಣ್ಣಗಾಗುತ್ತದೆ. ಹೊಕ್ಕುಳಿಗೆ ಎಣ್ಣೆ, ಅರಿಶಿಣ, ಬೂದಿ ಏನನ್ನೂ ಹಚ್ಚಬಾರದು. ಒಣಗಲು ಬಿಟ್ಟರೆ ತಾನೇ ಉದುರುತ್ತದೆ.

ತೂಕ ಕಡಿಮೆಯಿರುವ ಕೂಸಿಗೆ ಕಾಂಗರೂ ಆರೈಕೆ ಎಂಬ ಉಪಾಯವಿದೆ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ, ಶಾಖಪೆಟ್ಟಿಗೆಗಳು ಸಾಲದಾದಾಗ ಹುಟ್ಟಿದ್ದು ಇದು. ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗಂಟಿಸಿ ಬಟ್ಟೆಯಿಂದ ಕಟ್ಟಿಡುತ್ತಾರೆ. ತಾಯಿಗೆ ದಣಿವಾದರೆ ಅಪ್ಪನೋ ಅಜ್ಜಿಯೋ ಹೊರಬಹುದು. ಬಾಗಲಕೋಟೆಯ ಪಕ್ಕದ ಕೊಪ್ಪಳ ಜಿಲ್ಲೆಯಲ್ಲೇ ಇದನ್ನು ಸರ್ಕಾರಿ ಆಸ್ಪತ್ರೆಗಳಿಂದ ಮನೆಯವರೆಗೆ ಒಯ್ಯುವ ಅಧ್ಯಯನ ನಡೆದಿದೆ.

ಮನೆಗೆ ಬಂದ ಮೇಲೆ? ಹಳೆಯ ಬಾಣಂತನದಲ್ಲಿ ಉಳಿಸಿಕೊಳ್ಳಬೇಕಾದದ್ದು ಬಹಳ. ವಿಶ್ರಾಂತಿ, ಅಡುಗೆಮನೆಯಿಂದ ಬಿಡುಗಡೆ, ಉಂಡಿ, ಸಬ್ಬಸಗಿ ಪಲ್ಯ ಎಲ್ಲವೂ ಬೇಕಾದವೇ. ಬಿಡಬೇಕಾದವು ಕೆಲವು. ಹೊರಸಿನ ಕೆಳಗೆ ಕೆಂಡವಿಟ್ಟು, ಬಾಗಿಲು ಕಿಟಕಿ ಮುಚ್ಚಿ, ಲೋಬಾನದ ಹೊಗೆ ತುಂಬಿಸಿದರೆ ಉಸಿರು ಕಟ್ಟುವುದು ಕೂಸಿಗೆ. "ನೀರ ಬಾಳ ಕುಡಿಬ್ಯಾಡವ್ವಾ, ಹೊಟ್ಟಿ ಬರ್ತೈತಿ" ಎಂಬ ಮಾತಿಗೆ ಆಧಾರವೇ ಇಲ್ಲ. ಹಾಲೂಡಿಸುವವಳು ಉಳಿದವರಿಗಿಂತ ಹೆಚ್ಚು ನೀರು ಕುಡಿಯಬೇಕು. ಇನ್ನು ಪಥ್ಯದ ಹೆಸರಿನಲ್ಲಿ ಬರೀ ಬಿಳಿ ಅನ್ನ, ಸಪ್ಪೆ ಸಾರು ಹಾಕುವ ಮನೆಗಳಿಗೆ ಒಂದು ಎಚ್ಚರಿಕೆ. ಅಂಥ ತಾಯಂದಿರ ಹಾಲಿನಲ್ಲಿ ಬಿ1 ಜೀವಸತ್ವ ಕಡಿಮೆಯಾಗಿ, ಮೊಲೆಹಾಲನ್ನಷ್ಟೇ ಕುಡಿಯುವ ಕೂಸುಗಳು ದಿಢೀರನೆ ಏದುಸಿರುಬಿಡುವುದನ್ನು ಕರ್ನಾಟಕದ ಮಕ್ಕಳ ತಜ್ಞರು ದಾಖಲಿಸಿದ್ದಾರೆ. ಬಿ1 ಚುಚ್ಚುಮದ್ದು ಕೊಟ್ಟರೆ ಅಂಥ ಕೂಸು ಬೇಗ ಚೇತರಿಸಿಕೊಳ್ಳುತ್ತದೆ. ಕೊಡುವುದು ತಡವಾದರೆ ಜೀವವೇ ಹೋಗಬಹುದು. ಜೋಳದ ರೊಟ್ಟಿ, ಕಾಳಿನ ಪಲ್ಯ ತಿನ್ನುವ ಸೀಮೆಯವರು ಬಾಣಂತಿಗೆ ಮಾತ್ರ ಅವನ್ನು ಬಿಡಿಸುವುದು ವಿಚಿತ್ರವೇ ಸರಿ.

ಈ ಮಾತುಗಳನ್ನು ಮನೆಬಾಗಿಲಿಗೆ ಒಯ್ಯುವವರು ಆಶಾ ಕಾರ್ಯಕರ್ತೆಯರು. ಆಸ್ಪತ್ರೆಯ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಅವರು ಬಂದು ಕೂಸನ್ನು ತೂಗಬೇಕು, ಮೈಶಾಖ ನೋಡಬೇಕು. ಈ ಎಲ್ಲ ಭೇಟಿಗಳಿಗೆ ಸೇರಿ ಅವರಿಗೆ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ. ಕೆಲಸದ ತೂಕಕ್ಕೆ ಇದು ನಾಚಿಕೆಗೇಡಿನ ಮೊತ್ತ. ಗೋವಾ, ಮಂಗಳೂರಿಗೆ ಗುಳೆ ಹೋದ ಕುಟುಂಬಗಳ ಬಾಣಂತಿಯರು ಈ ಲೆಕ್ಕದಿಂದ ಸುಲಭವಾಗಿ ತಪ್ಪಿಹೋಗುತ್ತಾರೆ. ತಾಯಿ ಕಾರ್ಡ್ ಜೊತೆಗಿದ್ದರೆ ಅಲ್ಲಿನ ಆರೋಗ್ಯ ಕೇಂದ್ರದವರಿಗೂ ಹಿಂದಿನದೆಲ್ಲ ತಿಳಿಯುತ್ತದೆ.

ಕರ್ನಾಟಕದಲ್ಲಿ 2004-06ರಲ್ಲಿ ಲಕ್ಷ ಜೀವಂತ ಜನನಕ್ಕೆ 213 ಇದ್ದ ತಾಯಂದಿರ ಸಾವು 2018-20ರ ಹೊತ್ತಿಗೆ 69ಕ್ಕೆ ಇಳಿದಿದೆ. ಇಳಿದಿದೆ, ನಿಂತಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದು ರಾಜ್ಯವನ್ನೇ ಬೆಚ್ಚಿಬೀಳಿಸಿತು.

ಪ್ಯಾಡು ಬೇಗ ಬೇಗ ತೊಯ್ಯುವುದು, ಜ್ವರ, ತಲೆ ಸಿಡಿಯುವ ನೋವು, ಕಣ್ಣು ಮಂಜಾಗುವುದು, ಫಿಟ್ಸ್ ಇವು ತಾಯಿಯಲ್ಲಿ ಕಂಡರೆ, ಅಥವಾ ಕೂಸು ಮೊಲೆ ಹಿಡಿಯದಿದ್ದರೆ, ಅಂಗಾಲು ತಣ್ಣಗಾದರೆ, ಅಂಗೈ ಅಂಗಾಲು ಹಳದಿಯಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡಿದರೆ ಬೆಳಗಾಗುವುದನ್ನು ಕಾಯದೆ 108ಕ್ಕೆ ಕರೆ ಮಾಡಿ. ಹೆರಿಗೆಯಾದ ಸಂಜೆಯೇ ಟಂಟಂ ಹತ್ತಿ ಮನೆಗೆ ಹೊರಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಬಾಣಂತಿಯ ಊಟ ಉಚಿತ. ಮನೆಗೆ ಬಿಡುವ ಗಾಡಿಗೂ ಕಾಸು ಕೊಡಬೇಕಿಲ್ಲ.