ನಗೆಯ ಪೆಟ್ಟು ಯಾರಿಗೆ?

ಗಣೇಶನ ಹಬ್ಬಕ್ಕೆ ಹಾಸ್ಯಸಂಜೆ ಏರ್ಪಡಿಸುವುದು ನಮ್ಮ ರಾಣೆಬೆನ್ನೂರಿನ ಕಡೆ ಉಂಟು. ಅಲ್ಲಿ ಎರಡು ಬಗೆಯ ನಗೆ ಕೇಳುತ್ತದೆ. ಬೀಚಿಯವರ ದಾರಿ ಹಿಡಿದ ಗಂಗಾವತಿ ಪ್ರಾಣೇಶರು ಮನೆಮಂದಿಯೆಲ್ಲ ಕೂತು ಕೇಳುವಂತೆ ನಮ್ಮ ದಿನನಿತ್ಯದ ಪೆದ್ದುತನವನ್ನೇ ಹೇಳಿ ನಗಿಸುತ್ತಾರೆ. ಬೈದು ನಗಿಸುವುದರಲ್ಲಿ ಮಾಸ್ಟರ್ ಹಿರಣ್ಣಯ್ಯನವರದು (1934–2019) ದೊಡ್ಡ ಹೆಸರು. ಆದರೆ ‘ಲಂಚಾವತಾರ’ದಲ್ಲಿ ಅವರ ಬೈಗುಳ ಬಿದ್ದದ್ದು ಅಧಿಕಾರಸ್ಥರ ಮೇಲೆ. ಆ ಧಾಟಿಯನ್ನಷ್ಟೇ ಕಲಿತವರು ಮುಂದಿನ ಸಾಲಿನಲ್ಲಿ ಕೂತ ಕಪ್ಪಗಿನವರನ್ನೋ ದಪ್ಪಗಿನವರನ್ನೋ ಹಿಡಿದುಕೊಳ್ಳುತ್ತಾರೆ.

ನಾನೂ ಒಮ್ಮೆ ಪಾಠ ಮಾಡುವಾಗ ತೊದಲುವ ಹುಡುಗನೊಬ್ಬನನ್ನು ಅಣಕಿಸಿದೆ. ಇಡೀ ತರಗತಿ ನಕ್ಕಿತು; ಅವನೂ ನಕ್ಕ. ಆಮೇಲೆ ವರ್ಷವಿಡೀ ಅವನು ಪ್ರಶ್ನೆಗೆ ಕೈ ಎತ್ತಲಿಲ್ಲ. ಬೈಯುವುದಾದರೆ ತಿರುಗಿ ಉತ್ತರ ಕೊಡಬಲ್ಲವರನ್ನೇ ಬೈಯಬೇಕೆಂದು ಅವನಿಂದ ಕಲಿತೆ.