ದೋಣಿಗಾಲ್ ಗುಡ್ಡದ ಮೇಲೆ ಯುರೋಪಿನ ನಕ್ಷತ್ರ

ಹಾಸನ ಜಿಲ್ಲೆಯ ಮನೆಗಳಲ್ಲಿ ಯುರೋಪ್ ಪ್ರವಾಸದ ಮಾತು ಈಗ ಅಪರೂಪವಲ್ಲ. ಮಕ್ಕಳು ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಇರುತ್ತಾರೆ, ಅಪ್ಪ ಅಮ್ಮ ರಜೆ ಹೊಂದಿಸಿಕೊಂಡು ಹೋಗಿಬರುತ್ತಾರೆ. ಒಂದೊಂದು ನಗರಕ್ಕೆ ಸಿಗುವುದು ಒಂದೆರಡು ದಿನ. ಅಷ್ಟರಲ್ಲೇ ಅಲ್ಲಿನ ಕೋಟೆಯನ್ನಂತೂ ನೋಡಿಯೇ ಬರುತ್ತಾರೆ. ಪ್ರಾಗ್ ಕೋಟೆ, ಎಡಿನ್‌ಬರೋ ಕೋಟೆ, ಬವೇರಿಯಾದ ನಾಯ್‌ಶ್ವಾನ್‌ಸ್ಟೈನ್ ಮುಂದೆ ನಿಂತ ಚಿತ್ರಗಳು ನಮ್ಮ ಫೋನುಗಳಿಗೂ ಬರುತ್ತವೆ.

ಹೀಗೆ ಹೋಗಿಬಂದವರಿಗೂ ಹೋಗಲಿರುವವರಿಗೂ ಒಂದು ವಿಷಯ ಹೇಳಬೇಕಿದೆ. ಯುರೋಪಿನವರು ಮುನ್ನೂರು ವರ್ಷ ಸೋತು ಗೆದ್ದು ಕಲಿತ ಕೋಟೆ ವಿದ್ಯೆಯ ಮಾದರಿಯೊಂದು ನಮ್ಮ ಜಿಲ್ಲೆಯಲ್ಲೇ ಇದೆ. ಸಕಲೇಶಪುರ ದಾಟಿ ಮಂಗಳೂರು ಹೆದ್ದಾರಿಯಲ್ಲಿ ಐದಾರು ಕಿಲೋಮೀಟರ್ ಹೋದರೆ ದೋಣಿಗಾಲ್. ಅಲ್ಲಿನ ಗುಡ್ಡದ ನೆತ್ತಿಯಲ್ಲಿ, ಸಮುದ್ರಮಟ್ಟದಿಂದ 988 ಮೀಟರ್ ಎತ್ತರದಲ್ಲಿ ಮಂಜರಾಬಾದ್ ಕೋಟೆ ನಿಂತಿದೆ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಿಂದ ಬೆಳಿಗ್ಗೆ ಹೊರಟವರು ನಿಧಾನವಾಗಿ ನೋಡಿ ಸಂಜೆಗೆ ಮನೆ ಸೇರಬಹುದು. ಎಂಟು ಮೂಲೆಯ ನಕ್ಷತ್ರದಂತಹ ಅದರ ಆಕಾರವನ್ನು ಡ್ರೋನ್ ಚಿತ್ರಗಳಲ್ಲಿ ಎಲ್ಲರೂ ನೋಡಿದ್ದಾರೆ. ಆ ಆಕಾರ ಮಲೆನಾಡಿನ ತುದಿಗೆ ಬಂದದ್ದು ಹೇಗೆ ಎಂಬುದು ಚಿತ್ರದಲ್ಲಿ ಸಿಗುವುದಿಲ್ಲ.

ಫಿರಂಗಿ ಬಗ್ಗಿಸಿದ ಗೋಡೆಗಳು

ಕಥೆ ಶುರುವಾಗುವುದು ಇಟಲಿಯಲ್ಲಿ. 1494ರಲ್ಲಿ ಫ್ರಾನ್ಸಿನ ದೊರೆ ಎಂಟನೇ ಚಾರ್ಲ್ಸ್ ಸಾಗಿಸಲು ಹಗುರವಾದ, ಹೊಡೆತಕ್ಕೆ ಬಿರುಸಾದ ಫಿರಂಗಿಗಳನ್ನು ಎಳೆಸಿಕೊಂಡು ಇಟಲಿಗೆ ನುಗ್ಗಿದ. ತಿಂಗಳುಗಟ್ಟಲೆ ಮುತ್ತಿಗೆ ತಡೆಯುತ್ತಿದ್ದ ಎತ್ತರದ ಗೋಡೆಗಳು ದಿನಗಳಲ್ಲಿ ಉರುಳಿದವು. ಎತ್ತರವೇ ಕೋಟೆಯ ಬಲ ಎಂಬ ಸಾವಿರಾರು ವರ್ಷಗಳ ನಂಬಿಕೆ ಅಲ್ಲಿಗೆ ಮುಗಿಯಿತು. ಫಿರಂಗಿಗೆ ಎತ್ತರದ ಗೋಡೆ ಎಂದರೆ ದೊಡ್ಡ ಗುರಿ, ಅಷ್ಟೆ.

ಇಟಲಿಯ ಶಿಲ್ಪಿಗಳು ಗೋಡೆಯನ್ನು ತಗ್ಗಿಸಿದರು, ದಪ್ಪ ಮಾಡಿದರು, ಹೊರಮೈಯನ್ನು ಇಳಿಜಾರಾಗಿಸಿದರು. ದುಂಡು ಬುರುಜನ್ನೂ ಕೈಬಿಟ್ಟರು. ದುಂಡು ಬುರುಜಿನ ಬುಡದಲ್ಲಿ ಒಳಗಿನವರ ಗುಂಡು ತಲುಪದ ಒಂದು ಜಾಗ ಉಳಿಯುತ್ತದೆ. ಶತ್ರು ಅಲ್ಲಿಗೆ ಬಂದು ಸೇರಿಕೊಂಡರೆ ನೆಮ್ಮದಿಯಾಗಿ ಗೋಡೆ ಕೊರೆಯಬಹುದು. ಬುರುಜನ್ನು ಚೂಪು ಮೂಲೆಯಾಗಿ ಹೊರಚಾಚಿದರೆ ಒಂದು ಮೂಲೆಯ ಬುಡವನ್ನು ಪಕ್ಕದ ಮೂಲೆಯಲ್ಲಿ ನಿಂತವನು ಕಾಯುತ್ತಾನೆ, ಅವನ ಬುಡವನ್ನು ಇವನು ಕಾಯುತ್ತಾನೆ. ಕೋಟೆಯ ಸುತ್ತ ಗುಂಡು ತಲುಪದ ಅಂಗುಲವೂ ಉಳಿಯುವುದಿಲ್ಲ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದಾಗ ಮೂಡುವ ಆಕಾರವೇ ನಕ್ಷತ್ರ. ಅದು ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ.

ವೆನಿಸ್ ಗಣರಾಜ್ಯ 1593ರಲ್ಲಿ ಒಂಬತ್ತು ಮೂಲೆಯ ಪಾಲ್ಮನೋವಾ ಪಟ್ಟಣವನ್ನೇ ಈ ಲೆಕ್ಕದಲ್ಲಿ ಕಟ್ಟಿತು. ಹದಿನಾಲ್ಕನೇ ಲೂಯಿಯ ಎಂಜಿನಿಯರ್ ವೊಬಾನ್ (1633–1707) ಈ ವಿದ್ಯೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದ. ರೈನ್ ನದಿಯ ಬಳಿ ಅವನು ಯೋಜಿಸಿದ ನೋಫ್ ಬ್ರಿಸಾಕ್ ಎಂಟು ಮೂಲೆಯದು. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡ ವೊಬಾನನ 12 ಕೋಟೆಗಳಲ್ಲಿ ಅದೂ ಒಂದು. ನಮ್ಮ ಪ್ರವಾಸಿಗರು ಇಷ್ಟಪಡುವ ನಾಯ್‌ಶ್ವಾನ್‌ಸ್ಟೈನ್‌ನ ಕಟ್ಟಡ ಶುರುವಾದದ್ದು 1869ರಲ್ಲಿ, ದೊರೆಯೊಬ್ಬನ ಕನಸಿನ ಅರಮನೆಯಾಗಿ. ಯುದ್ಧಕ್ಕೂ ಅದಕ್ಕೂ ಸಂಬಂಧವಿಲ್ಲ. ಫಿರಂಗಿಗೆ ಎದುರಾಗಲು ಕಟ್ಟಿದ ಕೋಟೆಗಳು ನೆಲಕ್ಕೆ ಅಂಟಿಕೊಂಡಿರುತ್ತವೆ, ದೂರದಿಂದ ಕಣ್ಣಿಗೇ ಬೀಳುವುದಿಲ್ಲ. ಹೆದ್ದಾರಿಯಲ್ಲಿ ಹೋಗುವವರಿಗೆ ಮಂಜರಾಬಾದ್ ಎದ್ದು ಕಾಣದಿರುವುದೂ ಇದೇ ಕಾರಣಕ್ಕೆ.

ಪಾಂಡಿಚೇರಿಯಿಂದ ಮೈಸೂರಿಗೆ

ಹದಿನೆಂಟನೇ ಶತಮಾನದ ಆರಂಭದಲ್ಲಿ ಫ್ರೆಂಚರು ಪಾಂಡಿಚೇರಿಯಲ್ಲಿ ವೊಬಾನ್ ಪದ್ಧತಿಯ ಐದು ಮೂಲೆಯ ಕೋಟೆ ಕಟ್ಟಿದರು. 1761ರಲ್ಲಿ ಇಂಗ್ಲಿಷರು ಅದನ್ನು ಗೆದ್ದು ಕೆಡವಿದರು. ಆಶ್ರಯ ಕಳೆದುಕೊಂಡ ಫ್ರೆಂಚ್ ಸೈನಿಕರಲ್ಲಿ ಹಲವರು ಹೈದರಾಲಿಯ ಸೇವೆಗೆ ಸೇರಿದರು. ಮೈಸೂರು ಸೈನ್ಯದಲ್ಲಿ ಫ್ರೆಂಚರ ಬಳಕೆ ಅಲ್ಲಿಂದ ಬೆಳೆಯಿತು. ಟಿಪ್ಪು ಸುಲ್ತಾನ 1787ರಲ್ಲಿ ನೇರವಾಗಿ ಫ್ರಾನ್ಸಿಗೇ ರಾಯಭಾರಿಗಳನ್ನು ಕಳಿಸಿದ. 1788ರಲ್ಲಿ ಹದಿನಾರನೇ ಲೂಯಿ ಅವರನ್ನು ವರ್ಸೈ ಅರಮನೆಯಲ್ಲಿ ಬರಮಾಡಿಕೊಂಡ. ಕೇಳಿದ ಸೇನಾನೆರವು ಸಿಗಲಿಲ್ಲ, ಕುಶಲಕರ್ಮಿಗಳು ಬಂದರು.

ಅಷ್ಟರಲ್ಲಾಗಲೇ ನಮ್ಮ ಬಯಲುಸೀಮೆಯ ಪಾಳೆಯಗಾರರ ಕೋಟೆಗಳೂ ಕಾಲಕ್ಕೆ ತಕ್ಕಂತೆ ಬದಲಾಗತೊಡಗಿದ್ದವು. ಚನ್ನರಾಯಪಟ್ಟಣದ ಕೋಟೆಯನ್ನು ಹೈದರಾಲಿ ದುರಸ್ತಿ ಮಾಡಿಸಿ, ನೀರು ತುಂಬುವ ಕಂದಕ ತೋಡಿಸಿ, ನೇರ ನುಗ್ಗಲಾಗದ ತಿರುವು ಬಾಗಿಲುಗಳನ್ನು ಇಡಿಸಿದ. ಹಳೆಯ ಮೈಗೆ ಹೊಸ ಕಾಲದ ರಕ್ಷಣೆ ಅದು. ಅದೂ ಸಾಲದೆಂದು ತೋರಿಸಿಕೊಟ್ಟದ್ದು ಮೂರನೇ ಮೈಸೂರು ಯುದ್ಧ. 1791ರ ಮಾರ್ಚ್‌ನಲ್ಲಿ ಇಂಗ್ಲಿಷ್ ಸೇನಾನಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಯನ್ನು ಗೋಡೆ ಒಡೆದು ಹಿಡಿದ. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ ಬಿದ್ದವು. ಏರಲಾಗದ ಬೆಟ್ಟಗಳೆಂದು ಹೆಸರಾದ ದುರ್ಗಗಳೇ ನಿಲ್ಲಲಿಲ್ಲ.

ಪಶ್ಚಿಮದ ಬಾಗಿಲು ಅದಕ್ಕಿಂತ ಅಪಾಯದಲ್ಲಿತ್ತು. 1783ರಲ್ಲಿ ಇಂಗ್ಲಿಷ್ ಸೇನೆ ಕರಾವಳಿಯಿಂದ ಘಟ್ಟ ಹತ್ತಿ ಬಿದನೂರನ್ನೇ ಹಿಡಿದಿತ್ತು. 1791ರಲ್ಲಿ ಅಬರ್‌ಕ್ರಾಂಬಿಯ ಬೊಂಬಾಯಿ ಸೇನೆ ಕೊಡಗಿನ ದೊರೆಯ ನೆರವಿನಿಂದ ಘಟ್ಟ ದಾಟಿ ಪಿರಿಯಾಪಟ್ಟಣದವರೆಗೂ ಬಂತು. 1792ರ ಮಾರ್ಚ್‌ನ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಮಲಬಾರು ಹೋಯಿತು, ಕೊಡಗು ಇಂಗ್ಲಿಷರ ಆಶ್ರಯಕ್ಕೆ ಸರಿಯಿತು. ಅರಕಲಗೂಡು ಸೀಮೆಯ ಪಕ್ಕದಲ್ಲೇ ಎದುರಾಳಿಗಳ ಮಿತ್ರರಾಜ್ಯ ನಿಂತಿತು. ಕೈಯಲ್ಲಿ ಉಳಿದ ದೊಡ್ಡ ಬಂದರು ಮಂಗಳೂರು. ಅಲ್ಲಿಂದ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ಬರುವ ದಾರಿಯ ಮೇಲೆ ಕಣ್ಣಿಡಲೇಬೇಕಿತ್ತು. ಟಿಪ್ಪುವಿನ ಮಂಜರಾಬಾದ್ ಕೋಟೆ ಪೂರ್ಣಗೊಂಡದ್ದು ಅದೇ 1792ರಲ್ಲಿ. ಅದರ ಒಂದೊಂದು ಮೂಲೆಯಲ್ಲೂ ಆ ಯುದ್ಧದ ಪಾಠವಿದೆ ಎಂದೇ ನಾನು ಓದುತ್ತೇನೆ.

ಒಳಗೆ ನಿಂತು ನೋಡಬೇಕಾದ್ದು

ಬುಡದಿಂದ ಸುಮಾರು 250 ಮೆಟ್ಟಿಲು. ಬಾಗಿಲ ಕಮಾನಿನ ಕೆಳಗೆ ಬಂದಾಗ ತಲೆಯೆತ್ತಿ ನೋಡಿ. ಮೇಲ್ಛಾವಣಿಯಲ್ಲಿ ಕೋಟೆಯ ನಕ್ಷೆಯನ್ನೇ ಕೆತ್ತಿದ್ದಾರೆ. ಡ್ರೋನ್ ಇಲ್ಲದ ಕಾಲದಲ್ಲಿ ಇಡೀ ನಕ್ಷತ್ರವನ್ನು ಒಂದೇ ನೋಟಕ್ಕೆ ಕಾಣಿಸುತ್ತಿದ್ದುದು ಆ ಕಲ್ಲು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ನಡೆಯಬೇಕು.

ಹೊರಗೋಡೆ ಇಳಿಜಾರು, ಗ್ರಾನೈಟ್ ಕಲ್ಲು ಮತ್ತು ಗಾರೆಯದು. ಒಳಗಿನ ಕಟ್ಟಡಗಳು ಸುಟ್ಟ ಇಟ್ಟಿಗೆಯವು. ಸುತ್ತ ಕಂದಕ. ಬೆಟ್ಟದ ದುರ್ಗಗಳಲ್ಲಿ ಸುತ್ತಿನ ಮೇಲೆ ಸುತ್ತು ಏರುತ್ತಾ ಹೋಗುತ್ತೇವೆ. ಇಲ್ಲಿ ಎಲ್ಲವೂ ಒಂದೇ ಮಟ್ಟದಲ್ಲಿದೆ. ಸೈನಿಕರ ವಸತಿ, ಅಡುಗೆ ಮನೆ, ಲಾಯ, ಶೌಚಾಲಯಗಳ ಗುರುತುಗಳು ಗೋಡೆಗುಂಟ ಸಿಗುತ್ತವೆ. ನಡುವೆ ಶಿಲುಬೆಯಾಕಾರದ ಆಳವಾದ ಕೊಳ, ಇಳಿಯಲು ಮೆಟ್ಟಿಲು. ಅದರ ಹತ್ತಿರವೇ ಎರಡು ನೆಲಮಾಳಿಗೆ ಕೋಣೆಗಳು. ಬಿರುಬೇಸಿಗೆಯಲ್ಲೂ ತಂಪಾಗಿರುವ ಈ ಕೋಣೆಗಳಲ್ಲಿ ಮದ್ದು ಇಡುತ್ತಿದ್ದರು.

ನಕ್ಷತ್ರದ ಮೂಲೆಗಳಿಗೆ ಹೋದಾಗ ವೊಬಾನನ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ. ಫಿರಂಗಿ ಕೂರಿಸುವ ಕಟ್ಟೆಗಳಿವೆ, ಗೋಡೆಯಲ್ಲಿ ಬಂದೂಕಿನ ಕಿಂಡಿಗಳಿವೆ. ಒಂದು ಮೂಲೆಯ ಪಕ್ಕದ ಗೋಡೆಯ ಕಿಂಡಿಯಿಂದ ನೋಡಿ: ಎದುರಿಗೆ ಕಾಣುವುದು ನೆರೆಯ ಮೂಲೆಯ ಬುಡ. ಅಲ್ಲಿಂದ ನೋಡಿದರೆ ಈ ಮೂಲೆಯ ಬುಡ. ಇಟಲಿಯಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳೆದ ವಿದ್ಯೆ ಇಲ್ಲಿ ಒಂದೇ ನೋಟದಲ್ಲಿ ಅರ್ಥವಾಗುತ್ತದೆ. ಯುರೋಪಿನ ನಕ್ಷತ್ರಕೋಟೆಗಳಲ್ಲಿ ಹೆಚ್ಚಿನವು ಬಯಲಿನವು, ಊರನ್ನೇ ಒಳಗಿಟ್ಟುಕೊಂಡವು. ಮಂಜರಾಬಾದ್ ಆ ಲೆಕ್ಕವನ್ನು ಪುಟ್ಟದಾಗಿಸಿ ಘಟ್ಟದ ನೆತ್ತಿಗೆ ಹೊಂದಿಸಿದೆ. ಅದರ ಹೆಚ್ಚುಗಾರಿಕೆ ಅಲ್ಲೇ.

ದೊಡ್ಡ ಮುತ್ತಿಗೆಯಲ್ಲಿ ತನ್ನ ಬಲ ತೋರುವ ಅವಕಾಶ ಈ ಕೋಟೆಗೆ ಬರಲಿಲ್ಲ. ಏಳು ವರ್ಷಗಳಲ್ಲಿ, 1799ರಲ್ಲಿ, ಶ್ರೀರಂಗಪಟ್ಟಣವೇ ಬಿತ್ತು. ಇಂಗ್ಲಿಷರ ವಿರುದ್ಧ ಎದ್ದ, ಈ ಭಾಗದ ಬಲಂ ಸೀಮೆಯ ಪಾಳೆಯಗಾರನನ್ನು 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಪಡೆ ಹಿಡಿದು ಗಲ್ಲಿಗೇರಿಸಿತು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾನಿ ಈ ವೆಲ್ಲೆಸ್ಲಿಯೇ. ಕೋಟೆಯ ಹೆಸರು ತಾಲ್ಲೂಕಿನ ಹೆಸರಾಗಿ ಬಹುಕಾಲ ಉಳಿಯಿತು, ಸುತ್ತಲ ಗುಡ್ಡಗಳಿಗೆ ಕಾಫಿ ತೋಟ ಬಂತು.

ಯುರೋಪಿಗೆ ಹೋಗುವವರು ಹೋಗಲಿ, ಅಲ್ಲಿನದನ್ನು ಕಣ್ತುಂಬ ನೋಡಲಿ. ಹೊರಡುವ ಮೊದಲು ಒಂದು ದಿನ ಮಂಜರಾಬಾದಿಗೆ ಕೊಡಲಿ. ಪಾಲ್ಮನೋವಾ, ನೋಫ್ ಬ್ರಿಸಾಕ್ ಆಮೇಲೆ ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತವೆ. ಮಳೆಗಾಲದಲ್ಲಿ ಮೆಟ್ಟಿಲೂ ಗೋಡೆಯ ಮೇಲಿನ ದಾರಿಯೂ ಪಾಚಿ ಕಟ್ಟಿ ಜಾರುತ್ತವೆ, ಮಳೆ ನಿಂತ ಮೇಲಿನ ತಿಂಗಳುಗಳು ಒಳ್ಳೆಯವು. ಗೋಡೆಯ ಮೇಲೆ ಹೆಸರು ಗೀಚುವವರನ್ನು ಕಂಡರೆ ತಡೆಯಿರಿ. ಮಲ್ಲಿಪಟ್ಟಣ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಶಾಲೆಗಳ ಗಣಿತ ಮತ್ತು ಚರಿತ್ರೆಯ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಈ ವರ್ಷದ ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಇಲ್ಲಿಗೆ ಕರೆತನ್ನಿ, ಕೈಗೆ ಕಾಗದ, ಸ್ಕೇಲು, ಕೋನಮಾಪಕ ಕೊಡಿ, ಆ ಎಂಟು ಮೂಲೆಗಳನ್ನು ಅವರೇ ಅಳೆದು ಬರೆಯಲಿ.